ನಡುವಟ್ಟಂ ಮುಟ್ಟದ ಮನೆಗಾಡಿ

ಗುರುವಾರ ಬೆಳಗ್ಗೆ ಕಂಪಲಾಪುರದಿಂದ ಹೊರಟೆವು. ಆರು ಗಂಟೆಗೆ ಎಂದು ಮಾತಾಗಿತ್ತು, ಹೊರಡುವಾಗ ಬಿಸಿಲು ಬಂದಿತ್ತು. ಹೊರಟವರು ಮೂವರು: ನಾನು, ನಮ್ಮ ಯಜಮಾನರು, ಗಾಡಿ ಓಡಿಸಲು ನನ್ನ ತಮ್ಮ ಕಾಳೇಗೌಡ. ಮೂವರಿಗೂ ಅರವತ್ತು ದಾಟಿದೆ. ಗಾಡಿಗೆ ಎಷ್ಟು ವಯಸ್ಸೋ, ಅದನ್ನು ಮಾರಿದವನೂ ಬಾಯಿ ಬಿಟ್ಟು ಹೇಳಲಿಲ್ಲ.

ಅದು ಮೊದಲು ಸ್ಕೂಲು ಮಕ್ಕಳನ್ನು ಹೊರುತ್ತಿದ್ದ ಮಿನಿ ಬಸ್ಸು. ಯಜಮಾನರು ಸೀಟುಗಳನ್ನು ಕಿತ್ತು ಒಳಗೆ ಮನೆ ಮಾಡಿದ್ದರು. ಮಡಚಿ ಗೋಡೆಗೆ ಸಿಕ್ಕಿಸುವ ಮಂಚ, ಗ್ಯಾಸ್ ಒಲೆ ಇಡುವ ಕಟ್ಟೆ, ಪಾತ್ರೆ ತೊಳೆಯಲು ಒಂದು ತೊಟ್ಟಿ, ತಲೆಯ ಮೇಲೆ ನೀರಿನ ಟ್ಯಾಂಕು, ಗೋಡೆಯುದ್ದಕ್ಕೂ ಬೀರು, ಡ್ರಾಯರು. ಮರವೆಲ್ಲ ಹಳೇ ಲಾರಿಗಳ ಹಲಗೆ. ಎರಡು ವರ್ಷ ಕೊಟ್ಟಿಗೆಯ ಮುಂದೆ ನಿಲ್ಲಿಸಿಕೊಂಡು ಅದನ್ನೇ ಕೆತ್ತುತ್ತಿದ್ದರು. ಇರುವ ಮನೆಯ ಬಾಗಿಲು ಕೂಗಾಡುತ್ತಿದ್ದರೂ ಅದಕ್ಕೊಂದು ತೊಟ್ಟು ಎಣ್ಣೆ ಬಿಡಲಿಲ್ಲ.

ಯಜಮಾನರು ಬೇಸಾಯಗಾರರ ಮಗ. ಆದರೂ ಹುಣಸೂರಿನಲ್ಲಿ ಲಾರಿಗೆ ಮರದ ಬಾಡಿ ಕಟ್ಟುವ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದರು. ಅವರ ಕೈಗೆ ಉಳಿ ಕೊಟ್ಟು ಕಲಿಸಿದವರು ಖಾದರ್ ಸಾಬರು. ಶೆಡ್ಡಿನವರು ಅವರನ್ನು ಉಸ್ತಾದರು ಅನ್ನುತ್ತಿದ್ದರು. ಕಬ್ಬಿಣದ ಬಾಡಿ ಬಂದು ಶೆಡ್ಡು ಮುಚ್ಚಿತು. ಉಸ್ತಾದರು ಊಟಿ ದಾರಿಯಲ್ಲಿರುವ ನಡುವಟ್ಟಂ ಎಂಬ ಊರಿಗೆ, ಚಿಕ್ಕ ಮಗಳ ಮನೆಗೆ ಹೋದರು. ಅಳಿಯನಿಗೆ ಅಲ್ಲಿ ಟೀ ಫ್ಯಾಕ್ಟರಿಯಲ್ಲಿ ಕೆಲಸ. ಈಗ ದೊಡ್ಡ ಮಗಳು ಬಂದು ಅವರನ್ನು ಮಸ್ಕತ್ತಿಗೆ ಕರೆದೊಯ್ಯುವವಳಿದ್ದಳು. ಶನಿವಾರ ವಿಮಾನ. ಎಂಬತ್ತೇಳು ವಯಸ್ಸಿನ ಮನುಷ್ಯ ಅಲ್ಲಿಂದ ತಿರುಗಿ ಬರುತ್ತಾರೆಂದು ಯಾರೂ ನಂಬಿರಲಿಲ್ಲ.

ಹೋಗುವ ಮುಂಚೆ ಉಸ್ತಾದರು ಈ ಗಾಡಿ ಹತ್ತಬೇಕು, ಒಂದು ರಾತ್ರಿ ಅದರಲ್ಲಿ ಮಲಗಬೇಕು, ಮರದ ಮೇಲೆಲ್ಲ ಕೈಯಾಡಿಸಬೇಕು. ಯಜಮಾನರಿಗೆ ಬೇಕಾಗಿದ್ದು ಅಷ್ಟೇ. ಫೋನಿನಲ್ಲಿ ತೋರಿಸಿದರಾಗದೇ ಎಂದು ಕಾಳ ಕೇಳಿದ್ದಕ್ಕೆ, "ಮರವ ಫೋನ್ನಾಗೆ ಮುಟ್ಟಕ್ಕಾಯ್ತದೇನ್ಲಾ?" ಎಂದು ಬೈದರು. ಗುರುವಾರ ಸಂಜೆಗೇ ಅಲ್ಲಿರುತ್ತೇವೆ ಎಂದು ಉಸ್ತಾದರಿಗೆ ಹೇಳಿಯೂ ಆಗಿತ್ತು.

ಹುಣಸೂರಿನಲ್ಲಿ ಡೀಸೆಲ್ ತುಂಬಿಸಿ ಕೋಟೆ ರಸ್ತೆ ಹಿಡಿದೆವು. ಹೊಗೆಸೊಪ್ಪು ಬೇಯಿಸುವ ಕೆಲಸ ಮುಗಿದು ಬ್ಯಾರನ್ನು ಮನೆಗಳು ತಣ್ಣಗಿದ್ದವು. ಹೊಲದಲ್ಲಿ ರಾಗಿ ತೆನೆ ಬಗ್ಗಿತ್ತು. ಗಾಡಿ ಓಡುವಾಗ ಒಳಗೆ ಒಂದು ತಟ್ಟೆಯೂ ಸದ್ದು ಮಾಡಲಿಲ್ಲ. ಪ್ರತಿ ಪಾತ್ರೆಗೂ ಅದರದೇ ಗೂಡು ಕೆತ್ತಿದ್ದರು. ಅದೊಂದನ್ನು ನಾನು ಒಪ್ಪಿಕೊಳ್ಳಬೇಕು.

ಎಚ್.ಡಿ. ಕೋಟೆ ದಾಟಿ ಸರಗೂರು ಇನ್ನೇನು ಬಂತು ಅನ್ನುವಾಗ ಮುಂದೆ ಪಟಾರ್ ಎಂದಿತು. ಫ್ಯಾನ್ ಬೆಲ್ಟು ತುಂಡಾಗಿತ್ತು. ಸ್ವಲ್ಪ ಸ್ವಲ್ಪವೇ ಓಡಿಸಿ, ನಿಲ್ಲಿಸಿ ಆರಿಸಿ, ಹೇಗೋ ಸರಗೂರು ಬಸ್‌ಸ್ಟ್ಯಾಂಡಿನ ಹತ್ತಿರ ತಂದು ನಿಲ್ಲಿಸಿದ ಕಾಳ. ಮೂವತ್ತು ವರ್ಷ ಇದೇ ರಸ್ತೆಯಲ್ಲಿ ಪ್ರೈವೇಟ್ ಬಸ್ಸು ಓಡಿಸಿದವನು. ಊರಿನಲ್ಲಿ ಅರ್ಧ ಜನ ಅವನಿಗೆ ಗುರುತು. ಆದರೆ ಆ ಅಳತೆಯ ಬೆಲ್ಟು ಮಾತ್ರ ಯಾವ ಅಂಗಡಿಯಲ್ಲೂ ಇರಲಿಲ್ಲ. ನಂಜನಗೂಡಿಗೆ ಬಸ್ಸು ಹತ್ತಿ ಹೋದ.

ನಾನು ಬಾಗಿಲು ತೆಗೆದಿಟ್ಟು ಅವರೆಕಾಯಿ ಸುಲಿಯುತ್ತ ಕೂತೆ. ಯಜಮಾನರು ಮಂಚದ ಮೇಲೆ ಉರುಳಿದ್ದರು. ಜನ ಬಂದು ಇಣುಕಿ ಹೋಗುತ್ತಿದ್ದರು. ಎಲೆಕ್ಷನ್ ಗಾಡಿಯಾ ಎಂದು ಒಬ್ಬ, ಸಿನಿಮಾದವರಾ ಎಂದು ಇನ್ನೊಬ್ಬ. ಕಾಳ ಬೆಲ್ಟು ತಂದು ಬಿಗಿಯುತ್ತಿದ್ದಾಗ ಒಬ್ಬಳು ಹೆಂಗಸು ಆಡನ್ನು ಎಳೆದುಕೊಂಡು ಬಂದಳು.

"ಡಾಕುಟ್ರು ಎಲ್ಲವ್ರೆ?" ಎಂದಳು.

"ಯಾವ ಡಾಕುಟ್ರವ್ವ?" ಎಂದ ಕಾಳ.

"ದನಿನ್ ಡಾಕುಟ್ರು. ಇದು ಆಸ್ಪತ್ರೆ ಗಾಡಿ ಅಲ್ವಾ?"

"ಒಳಗವ್ರೆ ಕಣವ್ವ, ಅಗೋ ಮನಗವ್ರೆ. ಅವ್ರಿಗೇ ಒಸಿ ಉಸಾರಿಲ್ಲ."

ಯಜಮಾನರು ಒಳಗಿನಿಂದಲೇ, "ನಿನ್ ನಾಲ್ಗೆಗೆ ಮೊದ್ಲು ಒಂದು ಸೂಜಿ ಚುಚ್ತೀನಿ ಬಾ ಕಾಳ" ಎಂದರು. ಆಡಿನವಳು ನಕ್ಕಳು. ನಾನೂ ನಕ್ಕೆ. ಆ ಪ್ರಯಾಣದಲ್ಲಿ ನಕ್ಕಿದ್ದು ಅಲ್ಲಿಗೆ ಮುಗಿಯಿತು.

ಗುಂಡ್ಲುಪೇಟೆ ಸೇರುವಾಗ ಕತ್ತಲಾಗಿತ್ತು. ಕಾಡಿನ ರಸ್ತೆಗೆ ಆ ಹೊತ್ತಿನಲ್ಲಿ ಈ ಗಾಡಿಯನ್ನು ನುಗ್ಗಿಸಬಾರದೆಂದು ಕಾಳ ಹಟ ಹಿಡಿದ. ಪೆಟ್ರೋಲ್ ಬಂಕಿನ ಪಕ್ಕದಲ್ಲಿ ನಿಂತು, ಹಿಟ್ಟಿನ ಮುದ್ದೆ ಮಾಡಿ, ಅವರೆಕಾಳಿನ ಸಾರಿನಲ್ಲಿ ಉಂಡು ಮಲಗಿದೆವು. ನಾಳೆ ಮಧ್ಯಾಹ್ನಕ್ಕೆ ಬರುತ್ತೇವೆ ಎಂದು ಯಜಮಾನರು ನಡುವಟ್ಟಂಗೆ ಫೋನು ಮಾಡಿ ಹೇಳಿದರು. ಶುಕ್ರವಾರ ರಾತ್ರಿಯೊಂದು ಇನ್ನೂ ಕೈಯಲ್ಲಿತ್ತು.

ಶುಕ್ರವಾರ ಬೇಗ ಎದ್ದು ಬಂಡೀಪುರ ದಾಟಿದೆವು. ಮಂಜಿತ್ತು. ರಸ್ತೆ ಪಕ್ಕ ಒಂದು ಆನೆ ನಮಗೆ ಹಿಂಭಾಗ ತೋರಿಸಿಕೊಂಡು ನಿಂತಿತ್ತು. ನಿಲ್ಲಿಸಬಾರದು ಎಂದು ಬೋರ್ಡು ಹಾಕಿದ್ದರು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಆನೆಯೂ ಹೋಯಿತು, ಬೋರ್ಡೂ ಹೋಯಿತು. ಗಡಿಯ ಚೆಕ್‌ಪೋಸ್ಟಿನಲ್ಲಿ, ಬೆಟ್ಟಕ್ಕೆ ಒಯ್ಯಬಾರದೆಂದು ಪ್ಲಾಸ್ಟಿಕ್ ಬಾಟಲಿಗಳನ್ನೆಲ್ಲ ಕಿತ್ತುಕೊಂಡರು. ಅಲ್ಲಿಂದಾಚೆ ಬೋರ್ಡೆಲ್ಲ ತಮಿಳು. ನನಗೆ ಓದುವ ಕೆಲಸ ತಪ್ಪಿತು.

ಕಾಡು ಮುಗಿದು ಗೂಡಲೂರಿನ ಕಡೆ ಏರು ಶುರುವಾದಾಗ ಗಾಡಿ ಬಿಸಿಯಾಗತೊಡಗಿತು. ಒಂದು ಚಹಾ ಅಂಗಡಿಯ ಮುಂದೆ ನಿಲ್ಲಿಸಿ ಕಾಳ ಕೆಳಗೆ ತೂರಿ ನೋಡಿದ. ರೇಡಿಯೇಟರ್ ಸಣ್ಣಗೆ ಒಸರುತ್ತಿತ್ತು. ನೆಲದ ಮೇಲೆ ಸೂಜಿಯಲ್ಲಿ ಚುಚ್ಚಿದಂತೆ ಹನಿ.

"ಅರಿಶಿನ ಇದ್ರೆ ಕೊಡಕ್ಕ. ನಾವು ಬಸ್ಸಿನೋರು ಒಂದಿಡಿ ಅರಿಶಿನ ಆಕ್ ಬುಟ್ಟು ಊರು ಮುಟ್ತಿದ್ದೋ. ತೂತು ಇಡ್ಕತದೆ" ಎಂದ.

ಅರಿಶಿನ ಎರಡು ಚಮಚ ಇತ್ತು. ರಾಗಿ ಹಿಟ್ಟು ಒಂದು ಡಬ್ಬ ಇತ್ತು. ಆಗ ನಾನು ಬಾಯಿ ಹಾಕಿದೆ.

"ಅರಿಶಿನ ಯಾತಕ್ಲಾ? ಒಸ ಮಡಕೆ ಒಸರಿದ್ರೆ ಏನ್ ಮಾಡ್ತೀವಿ? ರಾಗಿ ಗಂಜಿ ಕಾಯ್ಸಿ ಇಡುಸ್ತೀವಿ. ಆಮೇಲೆ ಒಂದ್ ತೊಟ್ಟು ಸೋರದಿಲ್ಲ. ಅದ್ನೇ ಉಯ್ಯಿ."

ಕಾಳ ತಲೆ ಕೆರೆದುಕೊಂಡ. "ಮಡಕೆಗೆ ಸರಿ ಕಣಕ್ಕ."

"ಬೆಂಕಿ ಮೇಲೆ ಕೂರದು ಮಡಕೆನೇ, ಇದೂ ಅದೇ. ಉಯ್ಯಿ ಬುಡು."

ಯಜಮಾನರು ಕಲ್ಲಿನ ಮೇಲೆ ಕೂತು ಬೆಟ್ಟ ನೋಡುತ್ತಿದ್ದರು. ಇಬ್ಬರಿಗೂ ಬೇಡ ಅನ್ನಲಿಲ್ಲ. ನಾನು ಎರಡು ಹಿಡಿ ಹಿಟ್ಟನ್ನು ನೀರಿನಲ್ಲಿ ಕದಡಿ ಕೊಟ್ಟೆ, ಅವನು ಸುರಿದ. ಗಂಟಿಲ್ಲದಂತೆ ಕದಡಿದ್ದೆ. ಅದರಲ್ಲಿ ನನ್ನ ಕೈಯನ್ನು ಯಾರೂ ಹಳಿಯುವಂತಿಲ್ಲ.

ಒಸರುವುದು ನಿಂತಿತು! ನೆಲ ಒಣಗಿತು. ಕಾಳ ನನ್ನನ್ನು ನೋಡಿ, "ಅಕ್ಕ, ನೀನು ವರ್ಕ್‌ಶಾಪ್ ಮಡಗು" ಎಂದ. ನಾನು ದೊಡ್ಡದಾಗಿ ಸೀಟಿನಲ್ಲಿ ಕೂತೆ. ಗೂಡಲೂರು ಪೇಟೆ ದಾಟಿ ಘಾಟಿ ಹತ್ತಿದೆವು. ಒಂದು ಕಡೆ ಟೀ ಗಿಡ, ಇನ್ನೊಂದು ಕಡೆ ನೀಲಗಿರಿ ಮರ, ಕೆಳಗೆ ಗೂಡಲೂರಿನ ತಗಡಿನ ಮಾಡುಗಳು ಸಣ್ಣಗಾಗುತ್ತಿದ್ದವು. ಯಜಮಾನರು ಬೀರು, ಡ್ರಾಯರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದರು. ನಡುವಟ್ಟಂ ಇನ್ನು ಅರ್ಧ ಗಂಟೆ ದಾರಿ.

ಐದಾರು ತಿರುವು ಹತ್ತಿರಬೇಕು. ಎಂಜಿನ್ನಿನಿಂದ ಬಂದ ವಾಸನೆ ನನಗೆ ಮೊದಲು ಗೊತ್ತಾಯಿತು. ಅದು ಡೀಸೆಲ್ ವಾಸನೆಯಲ್ಲ. ತಳ ಹತ್ತಿದ ಹಿಟ್ಟಿನ ವಾಸನೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮುಚ್ಚಳ ಹಾರಿ ಬುಸ್ಸೆಂದು ಆವಿ ಎದ್ದಿತು. ಗಾಜಿನ ಮೇಲೆಲ್ಲ ಕಂದು ಅಂಬಲಿ ಸಿಡಿಯಿತು. ಕಾಳ ಬ್ರೇಕು ಒತ್ತಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ.

ಎಸರಿಗೆ ಹಿಟ್ಟು ಬಿದ್ದರೆ ಏನಾಗುತ್ತದೆ ಎಂದು ಐವತ್ತು ವರ್ಷ ಹಿಟ್ಟಿನ ದೊಣ್ಣೆ ತಿರುವಿದ ನನಗೆ ತಿಳಿಯದೇ? ತಿಳಿದಿತ್ತು. ಹೊಸ ಮಡಕೆಯಲ್ಲಿ ಕಾಯಿಸಿದ ಗಂಜಿಯನ್ನು ಆಮೇಲೆ ಚೆಲ್ಲುತ್ತೇವೆ. ಇಲ್ಲಿ ಚೆಲ್ಲದೆ ಕುದಿಸುತ್ತಲೇ ಬೆಟ್ಟ ಹತ್ತಿದ್ದೆವು. ಅಷ್ಟು ದೂರ ಯೋಚಿಸಲಿಲ್ಲ.

ಮೇಲಿನಿಂದ ಬಂದ ತರಕಾರಿ ಲಾರಿಯವನು ಹಗ್ಗ ಕಟ್ಟಿಕೊಂಡು ನಮ್ಮನ್ನು ಗೂಡಲೂರಿಗೆ ಇಳಿಸಿದ. ಹತ್ತಿದ್ದನ್ನೆಲ್ಲ ಹಿಂದಕ್ಕೆ ಇಳಿದೆವು. ರಸ್ತೆಯಿಂದ ಕೆಳಗೆ, ಇಳಿಜಾರಿನಲ್ಲಿ ಒಂದು ವರ್ಕ್‌ಶಾಪು. ಶುಕ್ರವಾರದ ನಮಾಜಿಗೆ ಹೋಗಿದ್ದ ಮೆಕ್ಯಾನಿಕ್ಕು ಬರುವವರೆಗೆ ಕಾದೆವು. ಮಲಯಾಳಿ, ಮೈಸೂರಿನಲ್ಲಿ ಕೆಲಸ ಮಾಡಿದ್ದವನು, ಕನ್ನಡ ಬರುತ್ತಿತ್ತು. ರೇಡಿಯೇಟರ್ ಬಾಯಿಗೆ ಬೆರಳು ಹಾಕಿ ತೆಗೆದು, ಮೂಸಿ, ಕಾಳನ ಮುಖ ನೋಡಿದ.

"ಇದು ಎಂಥದು ಚೇಟ್ಟಾ, ಅಂಟಿಸುವ ಗಮ್ಮಾ?"

ಕಾಳ ನನ್ನ ಕಡೆ ನೋಡಿದ. "ರಾಗಿ ಹಿಟ್ಟು" ಎಂದೆ.

ಅವನು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. "ಅಮ್ಮಾ, ಒಳಗೆ ಸಣ್ಣ ಸಣ್ಣ ಪೈಪು ಉಂಟು. ಎಲ್ಲ ಕಟ್ಟಿದೆ. ಎಂಜಿನ್ ಒಳಗೂ ಹೋಗಿದೆ. ಇಳಿಸಿ, ಬಿಚ್ಚಿ, ಕಡ್ಡಿ ಹಾಕಿ ತೆಗೀಬೇಕು" ಎಂದ.

"ಇವತ್ತಾಯ್ತದಾ?" ಎಂದರು ಯಜಮಾನರು.

"ಸಂಜೆ ನೋಡುವಾ."

ಆ 'ಸಂಜೆ ನೋಡುವಾ' ಎಂಬುದನ್ನು ಹಿಡಿದುಕೊಂಡು ನಮ್ಮವರು ಕೂತುಬಿಟ್ಟರು. ನಡುವಟ್ಟಂಗೆ ಬಸ್ಸಿತ್ತು. ಊಟಿಗೆ ಹೋಗುವ ಬಸ್ಸು ಎದುರಿಗೇ, ಗಂಟೆಗೊಂದರಂತೆ ಹತ್ತಿಕೊಂಡು ಹೋಗುತ್ತಿತ್ತು. ನಾನು ಕಣ್ಣಾರೆ ನೋಡಿದೆ.

"ಅಲ್ಲಾ ಕಣ್ರೀ, ಗಾಡಿ ಇಲ್ಲೇ ಇರ್ಲಿ. ನಾವು ಬಸ್ಸತ್ತಿ ಓಗಿ ಮಾತಾಡ್ಸ್ಕೊಂಡ್ ಬರಾನಾ?" ಎಂದೆ.

"ಮಾತಾಡ್ಸಾಕೆ ಫೋನಿಲ್ವಾ? ಬರೀ ಕೈ ಬೀಸ್ಕೊಂಡು ಓಗಿ ಏನಂತ ಏಳ್ಲಿ? ಗಾಡಿ ಬರ್ದೆ ನಾನು ಓಗದಿಲ್ಲ" ಎಂದರು.

ನಾನು ಒಂದೇ ಸಲ ಹೇಳಿ ಸುಮ್ಮನಾದೆ. ಬೇರೆ ದಿನವಾಗಿದ್ದರೆ ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸುತ್ತಿದ್ದೆ, ಊರೆಲ್ಲ ಕೇಳುವಂತೆ ಬೈಯುತ್ತಿದ್ದೆ. ಆವತ್ತು ಹಿಟ್ಟಿನ ಡಬ್ಬ ನನ್ನ ಕಾಲ ಹತ್ತಿರವೇ ಇತ್ತು. ಯಾವ ಬಾಯಲ್ಲಿ ಜೋರು ಮಾಡಲಿ? ರಾಗಿ ಹಾಕಿದ್ದಕ್ಕಿಂತ ಆ ಹೊತ್ತು ಬಾಯಿ ಮುಚ್ಚಿಕೊಂಡದ್ದು ನನಗೆ ಈಗ ಹೆಚ್ಚು ಉರಿಯುತ್ತದೆ. ಬಸ್ಸು ಹತ್ತಿದ್ದರೆ ಉಸ್ತಾದರ ಜತೆ ಒಂದು ರಾತ್ರಿ ಸಿಗುತ್ತಿತ್ತು. ಬೆಳಗ್ಗೆ ಅವರು ಏರ್‌ಪೋರ್ಟಿಗೆ ಹೊರಡುವ ಕಾರಿನಲ್ಲೇ ಇಳಿದು ಬರಬಹುದಿತ್ತು. ಇಷ್ಟೆಲ್ಲ ಆಮೇಲೆ ಹೊಳೆಯಿತು.

ಸಂಜೆಗೆ ಆಗಲಿಲ್ಲ. ಮಳೆ ಹನಿಯಿತು, ಕರೆಂಟು ಹೋಯಿತು. ಮೆಕ್ಯಾನಿಕ್ಕು ಉದ್ದನೆಯ ಕಂಬಿ ತೂರಿಸಿ ತೂರಿಸಿ ಹಿಟ್ಟು ತೆಗೆಯುತ್ತಿದ್ದ, ನಾನು ಬಕೆಟ್ಟಿನಲ್ಲಿ ಬಿಸಿನೀರು ಕಾಯಿಸಿ ಸುರಿಯುತ್ತಿದ್ದೆ. ಯಜಮಾನರು ಉಸ್ತಾದರ ದೊಡ್ಡ ಮಗಳ ಜತೆ ಫೋನಿನಲ್ಲಿ ಮಾತಾಡಿದರು. ಬೆಳಗ್ಗೆ ಅವರ ಕಾರು ಗೂಡಲೂರಿನ ಮೇಲೇ ಹೋಗುವುದು. ವರ್ಕ್‌ಶಾಪಿನ ಮುಂದೆ ಐದು ನಿಮಿಷ ನಿಲ್ಲಿಸುತ್ತೇವೆ ಎಂದಳಂತೆ.

"ಐದು ನಿಮ್ಸ ಸಾಕು ಬುಡಿ ಭಾವ, ಅತ್ತಿ ಇಳಿಯಾಕೆ" ಎಂದ ಕಾಳ.

"ಮಂಚ ಬಿಚ್ಚಿ ಆಕ್ಬುಡ್ತೀನಿ. ಒಂದ್ ಗಳಿಗೆ ಕೂತ್ಕೊಳ್ಳಿ" ಎಂದರು ಯಜಮಾನರು.

ಶನಿವಾರ ಬೆಳಕು ಹರಿಯುವಾಗಲೇ ಅವರು ಗಾಡಿಯ ನೆಲ ಒರೆಸಿ, ಮಂಚ ಇಳಿಸಿ, ಹೊಸ ಜಮಖಾನ ಹಾಸಿದ್ದರು. ಆದರೆ ಗಾಡಿ ಶೆಡ್ಡಿನೊಳಗೆ, ಮೂತಿ ಬಿಚ್ಚಿಕೊಂಡು, ಜಾಕಿನ ಮೇಲೆ ನಿಂತಿತ್ತು. ರಸ್ತೆಗೂ ಅದಕ್ಕೂ ನಡುವೆ ಆ ಇಳಿಜಾರು, ಮಳೆಗೆ ನೆಂದು ಕೆಸರಾಗಿತ್ತು. ಅದನ್ನು ನಾವ್ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬಿಳಿ ಕಾರು ಬಂದು ರಸ್ತೆಯ ಮೇಲೆ ನಿಂತಿತು. ಉಸ್ತಾದರು ಮುಂದಿನ ಸೀಟಿನಲ್ಲಿದ್ದರು. ನಾನು ಅವರನ್ನು ನೋಡಿ ಹದಿನೈದು ವರ್ಷವಾಗಿತ್ತೇನೋ. ಮೂಳೆಗೆ ಬಟ್ಟೆ ತೊಡಿಸಿದಂತಾಗಿದ್ದರು. ಕಣ್ಣಿಗೆ ದಪ್ಪ ಕನ್ನಡಕ. ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟರು. ಹಿಂದಿನಿಂದ ದೊಡ್ಡ ಮಗಳು ಭುಜ ಹಿಡಿದಳು.

"ಇಳೀಬೇಡಿ ಅಬ್ಬಾ. ಆ ಕೆಸರಲ್ಲಿ ಜಾರಿದ್ರೆ ಏನ್ ಗತಿ? ಗೌಡ್ರೆ, ತಪ್ಪು ತಿಳ್ಕೋಬೇಡಿ ಕಣ್ರೀ. ರಾತ್ರಿ ಮಳೆಗೆ ಏರ್‌ಪೋರ್ಟ್ ದಾರಿಲಿ, ನಾಡುಕಾಣಿ ಘಾಟಿಲಿ ಮರ ಬಿದ್ದದಂತೆ. ಸುತ್ಕೊಂಡು ಹೋಗ್ಬೇಕು. ಲೇಟಾದ್ರೆ ಫ್ಲೈಟ್ ಹೊರಟೋಗ್ತದೆ."

"ಎತ್ಕೊಂಡ್ ಓಗ್ಬುಡ್ತೀವಿ ಕಣವ್ವ, ಊವಿನಂಗೆ" ಎಂದ ಕಾಳ. ಅವಳು ತಲೆಯಾಡಿಸಿದಳು. ಅವಳದೂ ತಪ್ಪಿಲ್ಲ. ನಾನಾಗಿದ್ದರೂ ಬಿಡುತ್ತಿರಲಿಲ್ಲ.

ಉಸ್ತಾದರು ಕೆಳಗೆ ಶೆಡ್ಡಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. "ಎಲ್ಲಿ ಗೌಡ ನಿನ್ ಗಾಡಿ? ನಂಗೆ ಬೆಳ್ಳಗೆ ಒಂದು ಕಾಣ್ತದೆ ಅಷ್ಟೇ."

ಯಜಮಾನರು ಇಳಿಜಾರಿನಲ್ಲಿ ಓಡಿದರು. ಆ ವಯಸ್ಸಿನ ಮನುಷ್ಯ ಓಡಿದ್ದನ್ನು ನಾನು ಮೊದಲ ಸಲ ನೋಡಿದೆ. ಬೀರುವಿನಿಂದ ಒಂದು ಡ್ರಾಯರನ್ನು ಎಳೆದು, ಒಳಗಿದ್ದ ಚಮಚ ಸೌಟುಗಳನ್ನು ಮಂಚದ ಮೇಲೆ ಸುರಿದು, ಏದುಸಿರು ಬಿಡುತ್ತ ಹತ್ತಿ ಬಂದು, ಉಸ್ತಾದರ ತೊಡೆಯ ಮೇಲೆ ಇಟ್ಟರು.

ಉಸ್ತಾದರು ಕನ್ನಡಕ ತೆಗೆದರು. ಹೆಬ್ಬೆರಳಿನಿಂದ ಅಂಚು ಸವರಿದರು. ಮೂಲೆ ಮೂಲೆಗೆ ಉಗುರು ಹಾಕಿ ಎಳೆದರು. ತಿರುಗಿಸಿ ತಳ ತಟ್ಟಿದರು.

"ಯಾವ ಮರ?"

"ನಮ್ ಶೆಡ್ಡಿನ ಅಳೇ ಲಾರಿ ಹಲಗೆ ಸಾಬ್ರೆ. ನೀವೇ ಕುಯ್ಸಿದ್ದು."

"ಹೂಂ" ಎಂದರು. ಹಿಂದೆ ಬಂದ ಬಸ್ಸು ಹಾರನ್ನು ಬಾರಿಸತೊಡಗಿತು. ಡ್ರೈವರು ಕನ್ನಡಿಯಲ್ಲಿ ನೋಡುತ್ತಿದ್ದ. ಉಸ್ತಾದರು ಡ್ರಾಯರನ್ನು ವಾಪಸು ಕೊಟ್ಟು ಯಜಮಾನರ ಕೈ ಹಿಡಿದುಕೊಂಡರು.

"ಚೆನ್ನಾಗಿದೆ ಗೌಡ. ಬಹಳ ಚೆನ್ನಾಗಿದೆ."

ನನ್ನ ಕಡೆ ತಿರುಗಿ, "ಮಗಳೇ, ಇವನ್ನ ನೋಡ್ಕೋ" ಎಂದರು. ಕಾರು ಹೊರಟಿತು. ಪೂರ್ತಿ ಐದು ನಿಮಿಷವೂ ಆಗಿರಲಿಲ್ಲ.

ಎದುರಿನ ಅಂಗಡಿಯಲ್ಲಿ ಚಹಾ ಕುಡಿದೆವು. ಯಜಮಾನರು ಡ್ರಾಯರನ್ನು ಕೆಳಗಿಡಲಿಲ್ಲ. ಕಾಳ ಸಮಾಧಾನ ಹೇಳುವುದಕ್ಕೆ ನೋಡಿದ. "ನೋಡಿ ಭಾವ, ಮೆಚ್ಕೊಂಡ್ರಲ್ಲ. ಅದೂ ಎರಡು ಸಲ. ಇನ್ನೇನ್ ಬೇಕು?"

"ಮೆಚ್ಕೊಳ್ಳಾಕೆ ನಾನೇನು ಗಾಡಿ ತಕ್ಕೊಳ್ಳಾಕೆ ಬಂದಿದ್ದ ಗಿರಾಕಿನೇನ್ಲಾ?" ಎಂದರು ಯಜಮಾನರು. "ಚೆನ್ನಾಗದೆ ಅನ್ನಾದು ಗಿರಾಕಿಗೆ. ಕೆಲ್ಸದೋನ್ಗೆ ತಪ್ಪು ತೋರ್ಸೋರು. ಮೂವತ್ತು ವರ್ಸದಾಗೆ ನಂಗೆ ಒಂದಿನ ಚೆನ್ನಾಗದೆ ಅಂದೋರಲ್ಲ. ಇವತ್ತಂದ್ರು."

ಯಜಮಾನರು ಡ್ರಾಯರಿನ ಒಂದು ಮೂಲೆ ತೋರಿಸಿದರು. ಅಲ್ಲಿ ಎರಡು ಹಲಗೆ ಸರಿಯಾಗಿ ಕೂಡಿರಲಿಲ್ಲವಂತೆ, ಮರದ ಪುಡಿಗೆ ಗೋಂದು ಕಲಸಿ ಮುಚ್ಚಿದ್ದರಂತೆ. "ಇಲ್ಲೇ ಉಗುರಾಕುದ್ರು. ನಾನು ನೋಡ್ತಾನೇ ಇದ್ದೆ. ಕೈಗೆ ತಿಳೀನಿಲ್ವೋ, ತಿಳಿದೂ ಸುಮ್ಕಾದ್ರೋ. ಬಯ್ಯಾಕಾದ್ರೂ ಒತ್ತಿರ್ಬೇಕಲ್ಲ" ಎಂದರು.

ಗಾಡಿ ಸರಿಯಾಗಿದ್ದಿದ್ದರೆ ಉಸ್ತಾದರು ರಾತ್ರಿಯೆಲ್ಲ ಅದರಲ್ಲಿ ಕೂತು ಇಂಥವು ನೂರು ಹೆಕ್ಕುತ್ತಿದ್ದರು. ನಮ್ಮವರು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು. ಅದಕ್ಕೆಂದೇ ಎರಡು ವರ್ಷ ಕೆತ್ತಿದ್ದೆಂದು ನನಗೆ ಆ ಚಹಾ ಅಂಗಡಿಯಲ್ಲಿ ತಿಳಿಯಿತು. ಮೆಚ್ಚಿಸಲು ಹೊರಟಿದ್ದಾರೆ ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಹನ್ನೊಂದರ ಹೊತ್ತಿಗೆ ರೇಡಿಯೇಟರ್ ಕೂಡಿಸಿದರು. ಗಾಡಿ ಒಂದೇ ಕೂಗಿಗೆ ಎದ್ದಿತು, ತಣ್ಣಗೆ ನಿಂತಿತು. ಇಷ್ಟು ದೂರ ಬಂದಿದ್ದೇವೆ, ಊಟಿಯನ್ನಾದರೂ ನೋಡಿಕೊಂಡು ಹೋಗೋಣ ಎಂದ ಕಾಳ. ಯಜಮಾನರು ಕೈಯಲ್ಲಿ ಕೆಳಗಿನ ದಾರಿ ತೋರಿಸಿದರು. ನಡುವಟ್ಟಂ ಹೇಗಿದೆ ಎಂದು ನಾವು ಮೂವರೂ ನೋಡಲಿಲ್ಲ.

ವಾಪಸಿನಲ್ಲಿ ಗಾಡಿ ಎಲ್ಲೂ ಕೈ ಕೊಡಲಿಲ್ಲ. ಗುಂಡ್ಲುಪೇಟೆಯಲ್ಲಿ ಉಂಡು, ಸಂಜೆಗೆಲ್ಲ ಸರಗೂರು ದಾಟಿದೆವು. ಹಿಂದಿನ ಗಾಜಿನಲ್ಲಿ ನೀಲಗಿರಿ ಬೆಟ್ಟ ಗುಂಡ್ಲುಪೇಟೆಯವರೆಗೂ ಕಾಣುತ್ತಿತ್ತು, ಆಮೇಲೆ ಮೋಡವೋ ಬೆಟ್ಟವೋ ತಿಳಿಯದಂತಾಯಿತು. ಯಜಮಾನರು ಮಂಚದ ತುದಿಯಲ್ಲಿ ಡ್ರಾಯರನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಕೋಟೆ ಹತ್ತಿರ ಬಂದಾಗ ನಾನು ಅದನ್ನು ಕಿತ್ತುಕೊಂಡೆ. ಜನರಲ್ಲಿ, ಅಡಿಗೆಯಲ್ಲಿ, ಬಟ್ಟೆಯಲ್ಲಿ ತಪ್ಪು ಹುಡುಕುವುದರಲ್ಲಿ ನಾನು ಯಾರಿಗೂ ಕಡಿಮೆಯವಳಲ್ಲ. ಅವರು ತೋರಿಸಿದ ಮೂಲೆಯನ್ನೇ ಹೆಬ್ಬೆರಳಿನಲ್ಲಿ ಸವರಿದೆ, ಉಗುರು ಹಾಕಿ ಎಳೆದೆ, ಬೆಳಕಿಗೆ ಹಿಡಿದೆ. ಏನೂ ಸಿಗಲಿಲ್ಲ.

"ನಂಗೇನೂ ತಿಳೀತಿಲ್ಲ ಕಣ್ರೀ. ಸರಿಯಾಗೇ ಅದಲ್ಲ" ಎಂದೆ.

"ಊಂ, ನಿಂಗೆ ಸರಿಯಾಗೇ ಇರ್ತದೆ" ಎಂದು ಅವರು ಕಿಟಕಿಯ ಕಡೆ ತಿರುಗಿದರು.